ಪೋಲಿಯೊ ಲಸಿಕೆಯ ಹೆಬ್ಬಾಗಿಲು ಕಾದ ಥಾಮಸ್ ರಿವರ್ಸ್

ಪೋಲಿಯೊ ಲಸಿಕೆ ಎಂದೊಡನೆ ಎರಡು ಹೆಸರುಗಳು ನೆನಪಿಗೆ ಬರುತ್ತವೆ. ಒಂದು, ಚುಚ್ಚುಮದ್ದಿನ ರೂಪದ ಲಸಿಕೆಯನ್ನು ಸಿದ್ಧಪಡಿಸಿದ ಜೋನಾಸ್ ಸಾಕ್ ಅವರದು. ಇನ್ನೊಂದು, ಬಾಯಿಗೆ ಹಾಕುವ ಹನಿಗಳನ್ನು ಕೊಟ್ಟ ಆಲ್ಬರ್ಟ್ ಸೇಬಿನ್ ಅವರದು. 1995ರಲ್ಲಿ ದೇಶದಲ್ಲಿ ಆರಂಭವಾದ ಪಲ್ಸ್ ಪೋಲಿಯೊ ಕಾರ್ಯಕ್ರಮದ ದಿನಗಳಂದು ಮಕ್ಕಳನ್ನು ಎತ್ತಿಕೊಂಡು ಅಂಗನವಾಡಿಗೋ ಬಸ್ ನಿಲ್ದಾಣಕ್ಕೋ ಹೋದ ತಂದೆ ತಾಯಂದಿರು ಈ ಎರಡನೆಯವರ ಲಸಿಕೆಯನ್ನು ಕಣ್ಣಾರೆ ಕಂಡಿದ್ದಾರೆ. ಆದರೆ ಈ ಇಬ್ಬರ ಸಂಶೋಧನೆಗೂ ಹಣ ನೀಡಿದ್ದು ಒಂದೇ ದತ್ತಿ ಸಂಸ್ಥೆ. ಆ ಹಣ ಯಾವ ಪ್ರಯೋಗಾಲಯಕ್ಕೆ ಹೋಗಬೇಕು, ಯಾವ ಲಸಿಕೆ ಎಂದು ಮಕ್ಕಳ ತೋಳಿಗೆ ತಲುಪಬಹುದು ಎಂಬುದನ್ನು ತೂಗಿ ನೋಡುವ ಹೊಣೆ ಹೊತ್ತಿದ್ದವರು ಡಾ. ಥಾಮಸ್ ಮಿಲ್ಟನ್ ರಿವರ್ಸ್.

ಅವರ ಹೆಸರಿನಲ್ಲಿ ಯಾವ ಲಸಿಕೆಯೂ ಇಲ್ಲ. ಅಮೆರಿಕದ ವೈರಾಣು ವಿಜ್ಞಾನದ ಪಿತಾಮಹ ಎಂದು ವಿದ್ವತ್ ವಲಯದಲ್ಲಿ ಗೌರವಿಸಲ್ಪಡುವ ಅವರನ್ನು ಸಾಮಾನ್ಯ ಓದುಗರು ಬಹುಮಟ್ಟಿಗೆ ಮರೆತಿದ್ದಾರೆ. ಭಾವೋದ್ರೇಕದಿಂದ ಸಂಗ್ರಹವಾದ ಹಣವನ್ನು ವಿವೇಕದಿಂದ ವಿನಿಯೋಗಿಸುವುದು ಎಷ್ಟು ಕಷ್ಟದ ಕೆಲಸ ಎಂಬುದನ್ನು ತಿಳಿಯಬೇಕಾದರೆ ಅವರ ಬದುಕನ್ನೊಮ್ಮೆ ಅವಲೋಕಿಸುವುದು ಉಚಿತ.

ತಪ್ಪಿದ ಮರಣಶಾಸನ

ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯಾ ರಾಜ್ಯದ ಜೋನ್ಸ್‌ಬರೋ ಎಂಬ ಪುಟ್ಟ ಊರಿನಲ್ಲಿ 1888ರ ಸೆಪ್ಟೆಂಬರ್ 3ರಂದು ರಿವರ್ಸ್ ಜನಿಸಿದರು. 1909ರಲ್ಲಿ ಎಮೊರಿ ಕಾಲೇಜಿನಿಂದ ಪದವಿ ಪಡೆದು, ಬಾಲ್ಟಿಮೋರ್ ನಗರದ ಪ್ರತಿಷ್ಠಿತ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಗೆ ಸೇರಿದರು. ವ್ಯಾಸಂಗದ ನಡುವೆಯೇ ಅವರ ಕೈಯ ಸ್ನಾಯುಗಳು ಸೊರಗತೊಡಗಿದವು. ಪರೀಕ್ಷಿಸಿದ ವೈದ್ಯರು ಇದು ಕ್ರಮೇಣ ದೇಹವನ್ನೆಲ್ಲ ಆವರಿಸಿ ಪ್ರಾಣ ತೆಗೆಯುವ ಸ್ನಾಯುಕ್ಷಯ ಎಂದು ನಿರ್ಣಯಿಸಿದರು. ವೈದ್ಯನಾಗುವ ಆಸೆಗೆ ತಿಲಾಂಜಲಿ ಇತ್ತ ಯುವಕ ಓದನ್ನು ಬಿಟ್ಟು, ಮಧ್ಯ ಅಮೆರಿಕದ ಪನಾಮಕ್ಕೆ ತೆರಳಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕನಾಗಿ ದುಡಿಯತೊಡಗಿದರು.

ಅಚ್ಚರಿಯೆಂದರೆ ರೋಗ ಮುಂದುವರಿಯಲಿಲ್ಲ. ಸೊರಗಿದ ಸ್ನಾಯುಗಳು ಹಾಗೆಯೇ ಉಳಿದವು, ಉಳಿದ ದೇಹ ಗಟ್ಟಿಯಾಗಿಯೇ ಇತ್ತು. ಸಾವನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲವೆಂದು ಅರಿತ ರಿವರ್ಸ್ ಹಾಪ್ಕಿನ್ಸ್‌ಗೆ ಮರಳಿ 1915ರಲ್ಲಿ ವೈದ್ಯಕೀಯ ಪದವಿ ಪೂರ್ಣಗೊಳಿಸಿದರು. ಅಂದಿನ ಅಗ್ರಗಣ್ಯ ವೈದ್ಯರ ನಿರ್ಣಯವೇ ಅವರ ವಿಷಯದಲ್ಲಿ ಸುಳ್ಳಾಗಿತ್ತು. ಬಿಡುವಿಲ್ಲದೆ ಪ್ರಶ್ನಿಸುವ, ಎಷ್ಟೇ ದೊಡ್ಡವರ ಮಾತನ್ನಾದರೂ ಪುರಾವೆಯಿಲ್ಲದೆ ಒಪ್ಪದ ಅವರ ಮುಂದಿನ ಬದುಕನ್ನು ನೋಡುವಾಗ ಈ ಘಟನೆಯನ್ನು ಮರೆಯಲಾಗದು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ಶಿಬಿರಗಳಲ್ಲಿ ದಡಾರದ ಬೆನ್ನಿಗೆ ಬರುತ್ತಿದ್ದ ನ್ಯುಮೋನಿಯಾವನ್ನು ಅಭ್ಯಸಿಸಲು ಸೇನೆ ನೇಮಿಸಿದ ತಜ್ಞರ ತಂಡದಲ್ಲಿ ಅವರಿದ್ದರು. ಅಲ್ಲಿಂದ ಅವರ ಆಸಕ್ತಿ ಮಕ್ಕಳ ಚಿಕಿತ್ಸೆಯಿಂದ ಸೂಕ್ಷ್ಮಜೀವಿಗಳತ್ತ ಹೊರಳಿತು. 1922ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಆಸ್ಪತ್ರೆಗೆ ಬಂದರು. ಮೂರು ದಶಕಗಳಿಗೂ ಹೆಚ್ಚು ಕಾಲ ಅದೇ ಅವರ ಕರ್ಮಭೂಮಿಯಾಯಿತು.

ವೈರಾಣು ಎಂದರೇನು?

ಅಂದಿನ ದಿನಗಳಲ್ಲಿ ವೈರಾಣು ಎಂಬುದು ಒಂದು ಒಗಟು. ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಪಿಂಗಾಣಿ ಶೋಧಕದ ಮೂಲಕವೂ ನುಸುಳಿ ಬರುವ, ಸೂಕ್ಷ್ಮದರ್ಶಕಕ್ಕೆ ಕಾಣದ, ಆದರೆ ರೋಗ ತರಬಲ್ಲ ಏನೋ ಒಂದು ವಸ್ತು ಎಂದಷ್ಟೇ ತಿಳಿದಿತ್ತು. ಅದು ತೀರ ಸಣ್ಣ ಬ್ಯಾಕ್ಟೀರಿಯಾ ಮಾತ್ರ, ಸೂಕ್ತ ಆಹಾರ ಸಿಕ್ಕರೆ ಗಾಜಿನ ನಳಿಕೆಯಲ್ಲಿ ತಾನಾಗಿ ಬೆಳೆಯುತ್ತದೆ ಎಂದು ಅನೇಕರು ನಂಬಿದ್ದರು. ಪೋಲಿಯೊ ರೋಗಕಾರಕವನ್ನು ಹೀಗೆ ಬೆಳೆಸಿದ್ದೇವೆ ಎಂದು 1913ರಲ್ಲಿ ಸಾರಿದ್ದವರಲ್ಲಿ ರಾಕ್‌ಫೆಲರ್ ಸಂಸ್ಥೆಯ ನಿರ್ದೇಶಕ ಸೈಮನ್ ಫ್ಲೆಕ್ಸ್‌ನರ್ ಅವರೂ ಒಬ್ಬರು.

1926ರ ಡಿಸೆಂಬರ್‌ನಲ್ಲಿ ಬ್ಯಾಕ್ಟೀರಿಯಾ ತಜ್ಞರ ಸಭೆಯಲ್ಲಿ ರಿವರ್ಸ್ ಇದಕ್ಕೆ ತದ್ವಿರುದ್ಧವಾದ ವಾದವನ್ನು ಮಂಡಿಸಿದರು. ವೈರಾಣುಗಳು ಜೀವಂತ ಕೋಶಗಳನ್ನು ಆಶ್ರಯಿಸಿಯೇ ವೃದ್ಧಿಸುತ್ತವೆ, ಕೋಶವಿಲ್ಲದ ಕಡೆ ಅವು ಬೆಳೆಯಲಾರವು ಎಂಬುದು ಅದರ ಸಾರ. ಇಂದು ಪ್ರೌಢಶಾಲೆಯ ವಿದ್ಯಾರ್ಥಿಗೂ ಗೊತ್ತಿರುವ ಈ ಮಾತು ಅಂದು ತಮ್ಮ ಸಂಸ್ಥೆಯ ಮುಖ್ಯಸ್ಥರ ನಂಬಿಕೆಗೇ ಎದುರಾಗಿತ್ತು. 1928ರಲ್ಲಿ ಅವರ ಸಂಪಾದಕತ್ವದಲ್ಲಿ ಬಂದ ವೈರಾಣುಗಳ ಕುರಿತ ಗ್ರಂಥವು ವೈರಾಣು ವಿಜ್ಞಾನವನ್ನು ಬ್ಯಾಕ್ಟೀರಿಯಾ ವಿಜ್ಞಾನದಿಂದ ಪ್ರತ್ಯೇಕ ಶಾಖೆಯಾಗಿ ನಿಲ್ಲಿಸುವುದರಲ್ಲಿ ದೊಡ್ಡ ಪಾತ್ರ ವಹಿಸಿತು. 1937ರಲ್ಲಿ ಪ್ರಕಟವಾದ ಇನ್ನೊಂದು ಪ್ರಬಂಧದಲ್ಲಿ, ಒಂದು ವೈರಾಣುವೇ ಒಂದು ರೋಗಕ್ಕೆ ಕಾರಣ ಎಂದು ಸಾಬೀತುಪಡಿಸಲು ಬೇಕಾದ ನಿಯಮಗಳನ್ನು ನಿರೂಪಿಸಿದರು. ಜರ್ಮನಿಯ ರಾಬರ್ಟ್ ಕಾಖ್ ಬ್ಯಾಕ್ಟೀರಿಯಾಗಳಿಗಾಗಿ ರೂಪಿಸಿದ್ದ ಸೂತ್ರಗಳನ್ನು ಪರಿಷ್ಕರಿಸಿದ ಈ ನಿಯಮಗಳು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಇತರರ ತಪ್ಪುಗಳನ್ನು ನಿರ್ದಾಕ್ಷಿಣ್ಯವಾಗಿ ಎತ್ತಿ ತೋರಿಸುತ್ತಿದ್ದ ರಿವರ್ಸ್ ತಾವೇ ಒಮ್ಮೆ ಎಡವಿದ್ದೂ ಉಂಟು. ಸೀತಾಳೆ ಸಿಡುಬಿನ ವೈರಾಣುವನ್ನು ಮೊಲಗಳಲ್ಲಿ ಬೆಳೆಸಿದ್ದೇವೆ ಎಂದು 1923ರ ಸುಮಾರಿಗೆ ಅವರೂ ಸಹೋದ್ಯೋಗಿ ವಿಲಿಯಂ ಟಿಲೆಟ್ ಅವರೂ ಭಾವಿಸಿದ್ದರು. ಕೆಲಸವನ್ನು ಮುಂದುವರಿಸಿದಾಗ ಅದು ರೋಗಿಗಳಿಂದ ಬಂದದ್ದಲ್ಲ, ಮೊಲಗಳಲ್ಲೇ ಮೊದಲಿನಿಂದ ಅಡಗಿದ್ದ ಬೇರೊಂದು ವೈರಾಣು ಎಂದು ತಿಳಿಯಿತು. ಅದನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಪ್ರಯೋಗದ ಪ್ರಾಣಿಯೇ ವಿಜ್ಞಾನಿಯನ್ನು ಹೇಗೆ ಮೋಸಗೊಳಿಸಬಲ್ಲುದು ಎಂಬ ಈ ಪಾಠ ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಕೋತಿಗಳು ಕಲಿಸಿದ ಪಾಠ

1933 ಮತ್ತು 1935ರಲ್ಲಿ ರಿವರ್ಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಯೋಗಗಳು ವೈದ್ಯಲೋಕದ ಗಮನ ಸೆಳೆದವು. ಆರೋಗ್ಯವಂತ ಮೊಲಗಳ ಮಿದುಳಿನ ಸಾರವನ್ನು ಕೋತಿಗಳಿಗೆ ಮೇಲಿಂದ ಮೇಲೆ ಚುಚ್ಚಿದಾಗ ಕೆಲವು ಕೋತಿಗಳ ಕೈಕಾಲು ಸ್ವಾಧೀನ ತಪ್ಪಿತು. ಅವುಗಳ ನರತಂತುಗಳ ಹೊರಪೊರೆ ಕರಗಿಹೋಗಿತ್ತು. ಯಾವ ವೈರಾಣುವಿನ ಕೈವಾಡವೂ ಅಲ್ಲಿರಲಿಲ್ಲ. ಪರಕೀಯ ನರಕೋಶದ ವಿರುದ್ಧ ಎದ್ದುನಿಂತ ದೇಹದ ರಕ್ಷಣಾ ವ್ಯವಸ್ಥೆ ತನ್ನ ನರಮಂಡಲದ ಮೇಲೆಯೇ ಎರಗಿತ್ತು. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರರೋಗದ ಅಧ್ಯಯನಕ್ಕೆ ವಿಜ್ಞಾನಿಗಳು ಇಂದಿಗೂ ಇದೇ ಮಾದರಿಯ ಪ್ರಯೋಗವನ್ನು ಆಶ್ರಯಿಸುತ್ತಾರೆ.

ಹುಚ್ಚುನಾಯಿ ಕಡಿತಕ್ಕೆ ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕಿಸಿಕೊಂಡವರನ್ನು ಬಲ್ಲ ನಮ್ಮ ಹಿರಿಯರಿಗೆ ಈ ವಿಷಯ ದೂರದ್ದೇನಲ್ಲ. ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ 2000ರ ದಶಕದ ಮಧ್ಯಭಾಗದವರೆಗೂ ಭಾರತದಲ್ಲಿ ಬಳಕೆಯಲ್ಲಿತ್ತು. ಅದನ್ನು ಪಡೆದ ಕೆಲವರಿಗೆ ನಾಯಿಯಿಂದಲ್ಲ, ಲಸಿಕೆಯಿಂದಲೇ ಅಂಗಸ್ವಾಧೀನ ತಪ್ಪುತ್ತಿತ್ತು. ಲಸಿಕೆಯಲ್ಲಿದ್ದ ನರಕೋಶವೇ ಅದಕ್ಕೆ ಕಾರಣ ಎಂಬ ತಿಳಿವಳಿಕೆಗೆ ಬಲ ಬಂದದ್ದು ನ್ಯೂಯಾರ್ಕಿನ ಈ ಕೋತಿಗಳಿಂದ.

1935: ಆತುರದ ಬೆಲೆ

ನರಕೋಶದ ಈ ಅಪಾಯವನ್ನು ಚೆನ್ನಾಗಿ ಬಲ್ಲ ರಿವರ್ಸ್ ಅವರ ಕಣ್ಣೆದುರಿಗೇ 1935ರಲ್ಲಿ ಎರಡು ಪೋಲಿಯೊ ಲಸಿಕೆಗಳು ಬಂದವು. ಎರಡಕ್ಕೂ ಮೂಲವಸ್ತು ಸೋಂಕಿತ ಕೋತಿಗಳ ಬೆನ್ನುಹುರಿಯೇ. ನ್ಯೂಯಾರ್ಕಿನ ಮಾರಿಸ್ ಬ್ರೋಡಿ ಅವರ ಲಸಿಕೆಯಲ್ಲಿ ವೈರಾಣುವನ್ನು ಫಾರ್ಮಾಲಿನ್‌ನಿಂದ ಕೊಲ್ಲಲಾಗಿತ್ತು. ಫಿಲಡೆಲ್ಫಿಯಾದ ಜಾನ್ ಕೋಲ್ಮರ್ ಅವರದರಲ್ಲಿ ರಾಸಾಯನಿಕದಿಂದ ಅದನ್ನು ದುರ್ಬಲಗೊಳಿಸಲಾಗಿತ್ತು. ಸಾವಿರಾರು ಮಕ್ಕಳಿಗೆ ಇವುಗಳನ್ನು ಹಾಕಲಾಯಿತು. ಹೋಲಿಸಿ ನೋಡಲು ಸರಿಯಾದ ವ್ಯವಸ್ಥೆ ಇರಲಿಲ್ಲ. ಲಸಿಕೆ ಪಡೆದವರಲ್ಲೇ ಕೆಲವು ಮಕ್ಕಳು ಪೋಲಿಯೊಗೆ ತುತ್ತಾಗಿ ಅಸುನೀಗಿದರು.

ಆ ವರ್ಷದ ಕೊನೆಯ ತಿಂಗಳುಗಳಲ್ಲಿ ನಡೆದ ವೈದ್ಯಕೀಯ ಸಭೆಗಳಲ್ಲಿ ಈ ಲಸಿಕೆಗಳನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ ಸರ್ಕಾರಿ ಆರೋಗ್ಯ ಇಲಾಖೆಯ ಜೇಮ್ಸ್ ಲೀಕ್ ಹಾಗೂ ರಿವರ್ಸ್ ಪ್ರಮುಖರು. ಲಸಿಕೆಗಳು ಹಿಂದೆ ಸರಿದವು. ಈ ದುರಂತದ ನೆರಳು ಎಷ್ಟು ಗಾಢವಾಗಿತ್ತೆಂದರೆ, ಮನುಷ್ಯರ ಮೇಲೆ ಪೋಲಿಯೊ ಲಸಿಕೆಯ ಪ್ರಯೋಗ ನಡೆಸುವ ಮಾತನ್ನೇ ಮುಂದಿನ ಹದಿನೈದು ವರ್ಷ ಯಾರೂ ಗಟ್ಟಿಯಾಗಿ ಆಡಲಿಲ್ಲ.

ಹತ್ತು ಸೆಂಟುಗಳ ಹೊಳೆ

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಪೋಲಿಯೊ ಎಂದು ನಿರ್ಣಯಿಸಲಾದ ಕಾಯಿಲೆಯಿಂದ ಕಾಲುಗಳ ಶಕ್ತಿ ಕಳೆದುಕೊಂಡಿದ್ದರು. ಅವರ ಪ್ರೇರಣೆಯಿಂದ 1938ರ ಜನವರಿಯಲ್ಲಿ ಶಿಶು ಪಾರ್ಶ್ವವಾಯು ರಾಷ್ಟ್ರೀಯ ಪ್ರತಿಷ್ಠಾನ ಸ್ಥಾಪನೆಯಾಯಿತು. ಅಧ್ಯಕ್ಷರ ವಕೀಲಿ ವೃತ್ತಿಯ ಪಾಲುದಾರರಾಗಿದ್ದ ಬೇಸಿಲ್ ಓಕಾನರ್ ಅದರ ಮುಖ್ಯಸ್ಥರಾದರು. ಜನಪ್ರಿಯ ಹಾಸ್ಯನಟ ಎಡ್ಡಿ ಕ್ಯಾಂಟರ್ ಅವರು ಹತ್ತು ಸೆಂಟಿನ ಡೈಮ್ ನಾಣ್ಯಗಳನ್ನು ನೇರವಾಗಿ ಶ್ವೇತಭವನಕ್ಕೆ ಕಳುಹಿಸುವಂತೆ ರೇಡಿಯೊದಲ್ಲಿ ಮನವಿ ಮಾಡಿದಾಗ ಸುಮಾರು 26 ಲಕ್ಷ 80 ಸಾವಿರ ನಾಣ್ಯಗಳು ಬಂದು ಬಿದ್ದವು. ಹನಿಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಮಾರ್ಚ್ ಆಫ್ ಡೈಮ್ಸ್ ಎಂಬ ಹೆಸರು ಅಂದಿನಿಂದ ಮನೆಮಾತಾಯಿತು.

ಈ ಹಣದ ಬಹುಪಾಲು ರೋಗಿಗಳ ಆರೈಕೆಗೆ, ಕಬ್ಬಿಣದ ಶ್ವಾಸಯಂತ್ರಗಳಿಗೆ, ಕಾಲಿನ ಪಟ್ಟಿಗಳಿಗೆ ವೆಚ್ಚವಾಗುತ್ತಿತ್ತು. ಉಳಿದ ಭಾಗ ಸಂಶೋಧನೆಗೆ ಮೀಸಲು. ಆ ಭಾಗವನ್ನು ಹಂಚಲು ರಚಿಸಿದ ವೈರಾಣು ಸಂಶೋಧನಾ ಸಲಹಾ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ 1938ರಲ್ಲಿ ರಿವರ್ಸ್ ಬಂದರು. ಆ ಹೊತ್ತಿಗೆ ಅವರು ರಾಕ್‌ಫೆಲರ್ ಆಸ್ಪತ್ರೆಯ ನಿರ್ದೇಶಕರೂ ಆಗಿದ್ದರು.

ಅವರು ಮೊದಲು ಮಾಡಿದ ಕೆಲಸವೆಂದರೆ ಪೋಲಿಯೊ ಬಗ್ಗೆ ಏನೇನು ತಿಳಿದಿಲ್ಲ ಎಂಬುದರ ಪಟ್ಟಿ. ವೈರಾಣು ದೇಹವನ್ನು ಯಾವ ದಾರಿಯಿಂದ ಪ್ರವೇಶಿಸುತ್ತದೆ, ಹೇಗೆ ಹೊರಬೀಳುತ್ತದೆ, ನರಮಂಡಲಕ್ಕೆ ಹೇಗೆ ತಲುಪುತ್ತದೆ ಎಂಬಂಥ ಮೂಲಭೂತ ಪ್ರಶ್ನೆಗಳು ಮೊದಲಿದ್ದವು. ಉತ್ತಮ ಲಸಿಕೆಯ ತಯಾರಿಕೆಗೆ ಅದರಲ್ಲಿ ದೊರೆತದ್ದು ಕೊನೆಯ ಸ್ಥಾನ. ಲಸಿಕೆಗಾಗಿ ನಾಣ್ಯ ಕೂಡಿಸುತ್ತಿದ್ದ ಜನರಿಗೆ ಇದು ವಿಚಿತ್ರವಾಗಿ ಕಂಡಿರಬಹುದು. ಆದರೆ 1935ರ ಮಕ್ಕಳನ್ನು ನೆನಪಿನಲ್ಲಿಟ್ಟಿದ್ದ ವಿಜ್ಞಾನಿಗೆ ಬೇರೆ ಕ್ರಮ ತೋಚುವಂತಿರಲಿಲ್ಲ. ಅಡಿಪಾಯವಿಲ್ಲದೆ ಗೋಡೆ ಎಬ್ಬಿಸುವ ಕೆಲಸಕ್ಕೆ ದತ್ತಿ ಹಣ ಹೋಗಬಾರದು ಎಂಬುದು ಅವರ ನಿಲುವಾಗಿತ್ತು.

ಎರಡನೆಯ ಮಹಾಯುದ್ಧ ಈ ಕೆಲಸಕ್ಕೆ ಅಡ್ಡ ಬಂತು. ರಿವರ್ಸ್ ನೌಕಾಪಡೆಯ ಸೇವೆಗೆ ಸೇರಿ, ಶಾಂತ ಸಾಗರದ ಗ್ವಾಮ್ ದ್ವೀಪದಲ್ಲಿ ಸೈನಿಕರನ್ನು ಕಾಡುತ್ತಿದ್ದ ಸಾಂಕ್ರಾಮಿಕ ರೋಗಗಳ ಅಧ್ಯಯನಕ್ಕಾಗಿ ಸ್ಥಾಪನೆಯಾದ ವೈದ್ಯಕೀಯ ಸಂಶೋಧನಾ ಘಟಕವನ್ನು ಮುನ್ನಡೆಸಿದರು. ಯುದ್ಧ ಮುಗಿದ ಮೇಲೆ ಆಸ್ಪತ್ರೆಗೂ ಸಮಿತಿಗೂ ಮರಳಿದರು.

ನಂಬಿಕೆ ಕುಸಿದಾಗ

ಪೋಲಿಯೊ ವೈರಾಣು ನರಕೋಶದಲ್ಲಿ ಮಾತ್ರ ಬೆಳೆಯುತ್ತದೆ ಎಂಬುದು ಅಂದಿನ ತಜ್ಞರ ದೃಢ ನಂಬಿಕೆ. 1936ರಲ್ಲಿ ರಾಕ್‌ಫೆಲರ್ ಸಂಸ್ಥೆಯಲ್ಲಿಯೇ ಸೇಬಿನ್ ಹಾಗೂ ಪೀಟರ್ ಒಲಿಟ್ಸ್ಕಿ ನಡೆಸಿದ ಪ್ರಯೋಗ ಈ ನಂಬಿಕೆಗೆ ಮುದ್ರೆ ಒತ್ತಿತ್ತು. ಇದು ನಿಜವಾಗಿದ್ದರೆ ಸುರಕ್ಷಿತ ಲಸಿಕೆಯ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ. ನರಕೋಶದಿಂದ ತಯಾರಿಸಿದ ಲಸಿಕೆ ಎಂಥ ಕೇಡು ಮಾಡಬಲ್ಲುದು ಎಂಬುದನ್ನು ರಿವರ್ಸ್ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

1949ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಎಂಡರ್ಸ್, ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ ಆ ಬಾಗಿಲನ್ನು ತೆರೆದರು. ನರಗಳಿಗೆ ಸಂಬಂಧಿಸದ ಕೋಶಗಳಲ್ಲಿಯೂ ಪೋಲಿಯೊ ವೈರಾಣುವನ್ನು ಬೆಳೆಸಬಹುದೆಂದು ತೋರಿಸಿದ ಈ ಮೂವರಿಗೆ 1954ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅವರ ಪ್ರಯೋಗಾಲಯಕ್ಕೂ ಪ್ರತಿಷ್ಠಾನದ ನೆರವಿತ್ತು. ತಜ್ಞರೆಲ್ಲ ಒಪ್ಪಿದ್ದ ಒಂದು ಸಿದ್ಧಾಂತವನ್ನು ಅದೇ ತಜ್ಞರು ಹಂಚಿದ ಹಣವೇ ಕೆಡವಿತು ಎಂಬುದು ಗಮನಾರ್ಹ. ಲಸಿಕೆಯೊಂದನ್ನೇ ಗುರಿಯಾಗಿಸದೆ ಮೂಲ ವಿಜ್ಞಾನಕ್ಕೂ ಹಣ ನೀಡಿದ ನೀತಿಗೆ ದೊರೆತ ದೊಡ್ಡ ಪ್ರತಿಫಲ ಇದು.

ಇದೇ ಅವಧಿಯಲ್ಲಿ ಇನ್ನೊಂದು ಬೇಸರದ, ಆದರೆ ಅನಿವಾರ್ಯವಾದ ಕೆಲಸ ನಡೆದಿತ್ತು. ಪೋಲಿಯೊ ವೈರಾಣುವಿನಲ್ಲಿ ಒಟ್ಟು ಎಷ್ಟು ಬಗೆಗಳಿವೆ ಎಂದು ತಿಳಿಯದೆ ಲಸಿಕೆ ಮಾಡಿದರೆ ಬಿಟ್ಟುಹೋದ ಬಗೆ ಮಕ್ಕಳನ್ನು ಕಾಡುತ್ತಲೇ ಇರುತ್ತದೆ. 1948ರಿಂದ 1951ರವರೆಗೆ ಪಿಟ್ಸ್‌ಬರ್ಗ್, ದಕ್ಷಿಣ ಕ್ಯಾಲಿಫೋರ್ನಿಯಾ, ಯೂಟಾ ಮತ್ತು ಕ್ಯಾನ್ಸಸ್ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ, ಇರುವುದು ಮೂರೇ ಬಗೆ ಎಂದು ಖಚಿತಪಡಿಸಲಾಯಿತು. ಇದಕ್ಕಾಗಿ ಸಾವಿರಾರು ಕೋತಿಗಳು ಬಲಿಯಾದವು. ಅವುಗಳಲ್ಲಿ ರೀಸಸ್ ಕೋತಿಗಳು ಹೋಗುತ್ತಿದ್ದುದು ಭಾರತದ ಉತ್ತರ ಭಾಗದಿಂದ. ದೀರ್ಘ ಪ್ರಯಾಣದಲ್ಲಿ ಬಳಲಿ ಬರುತ್ತಿದ್ದ ಅವುಗಳನ್ನು ಸುಧಾರಿಸಲು ಪ್ರತಿಷ್ಠಾನವು ದಕ್ಷಿಣ ಕ್ಯಾರೊಲಿನಾದ ಓಕಟಿಯಲ್ಲಿ ಒಂದು ಕೇಂದ್ರವನ್ನೇ ತೆರೆಯಬೇಕಾಯಿತು. ಪೋಲಿಯೊ ಲಸಿಕೆಯ ಇತಿಹಾಸದಲ್ಲಿ ಭಾರತದ ಈ ಮೂಕ ಪಾಲು ಅಷ್ಟಾಗಿ ದಾಖಲಾಗಿಲ್ಲ.

ಹೌದು ಎನ್ನುವ ಹೊತ್ತು

1952ರಲ್ಲಿ ಅಮೆರಿಕ ಹಿಂದೆಂದೂ ಕಾಣದ ಪೋಲಿಯೊ ಹಾವಳಿಯನ್ನು ಎದುರಿಸಿತು. ಸುಮಾರು 58 ಸಾವಿರ ಜನ ರೋಗಕ್ಕೆ ತುತ್ತಾದರು. ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಈಜುಕೊಳಗಳು, ಚಿತ್ರಮಂದಿರಗಳು ಬರಿದಾದವು. ಅದೇ ವರ್ಷ ಪಿಟ್ಸ್‌ಬರ್ಗ್‌ನ ಸಾಕ್ ಅವರು, ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ಕೊಂದ ವೈರಾಣುವಿನ ಲಸಿಕೆಯನ್ನು ಸಣ್ಣ ಪ್ರಮಾಣದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದರು. 1953ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ ಸೇರಿದ ತಜ್ಞರ ಮುಂದೆ ಅವರು ಫಲಿತಾಂಶವನ್ನು ಮಂಡಿಸಿದರು.

ತಜ್ಞರಲ್ಲಿ ಒಮ್ಮತ ಮೂಡಲಿಲ್ಲ. ಸತ್ತ ವೈರಾಣುವಿನಿಂದ ದೀರ್ಘಕಾಲದ ರಕ್ಷಣೆ ಸಿಗದು, ದುರ್ಬಲಗೊಳಿಸಿದ ಜೀವಂತ ವೈರಾಣುವಿಗಾಗಿ ಕಾಯಬೇಕು ಎಂಬುದು ಸೇಬಿನ್ ಅವರ ವಾದ. ಇತ್ತ ಪ್ರತಿ ಬೇಸಗೆಯೂ ಸಾವಿರಾರು ಮಕ್ಕಳನ್ನು ಕುಂಟರನ್ನಾಗಿಸುತ್ತಿತ್ತು. ಚರ್ಚೆ ಕೊನೆಗಾಣದೆಂದು ಕಂಡಾಗ ಓಕಾನರ್ 1953ರಲ್ಲಿ ಒಂದು ಪುಟ್ಟ ಲಸಿಕಾ ಸಲಹಾ ಸಮಿತಿಯನ್ನು ರಚಿಸಿ ಅದರ ನೇತೃತ್ವವನ್ನು ರಿವರ್ಸ್ ಅವರಿಗೆ ಒಪ್ಪಿಸಿದರು. ಎರಡು ದಶಕಗಳ ಹಿಂದೆ ಆತುರದ ಲಸಿಕೆಗಳನ್ನು ತಡೆದ ವ್ಯಕ್ತಿಯೇ ಈಗ ಮುಂದೆ ಹೋಗೋಣವೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು.

ಅವರು ಮುಂದೆ ಹೋಗುವುದರ ಪರವಾಗಿ ನಿಂತರು. 1935ರ ಲಸಿಕೆಗಳಿಗೂ ಇದಕ್ಕೂ ಇದ್ದ ಅಂತರ ಅವರಿಗೆ ಸ್ಪಷ್ಟವಿತ್ತು. ಈ ಲಸಿಕೆಯಲ್ಲಿ ನರಕೋಶವಿರಲಿಲ್ಲ. ವೈರಾಣುವಿನ ಮೂರೂ ಬಗೆಗಳು ಅದರಲ್ಲಿದ್ದವು. ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯುವ ವಿಧಾನ ಕೈಗೆ ಬಂದಿತ್ತು. 1938ರ ಪಟ್ಟಿಯ ಅನೇಕ ಪ್ರಶ್ನೆಗಳಿಗೆ ಉತ್ತರ ದೊರೆತಿತ್ತು. ಆದರೂ ಷರತ್ತುಗಳು ಬಿಗಿಯಾಗಿದ್ದವು. ಪ್ರತಿ ತಂಡದ ಲಸಿಕೆಯನ್ನೂ ತಯಾರಕರು, ಸಾಕ್ ಅವರ ಪ್ರಯೋಗಾಲಯ ಮತ್ತು ಸರ್ಕಾರಿ ಪ್ರಯೋಗಾಲಯ ಹೀಗೆ ಮೂರು ಕಡೆ ಪರೀಕ್ಷಿಸಬೇಕಿತ್ತು. ಬಿಡಿ ತಂಡವೊಂದು ಪರೀಕ್ಷೆಯಲ್ಲಿ ಗೆದ್ದರೆ ಸಾಲದು, ಸತತ 11 ತಂಡಗಳು ಉತ್ತೀರ್ಣವಾಗಬೇಕಿತ್ತು. 1954ರ ವಸಂತದಲ್ಲಿ ಕೆಲವು ತಂಡಗಳಲ್ಲಿ ಜೀವಂತ ವೈರಾಣು ಉಳಿದಿರುವ ಸುಳಿವು ಸಿಕ್ಕಾಗ ಕೆಲಸ ವಿಳಂಬವಾಯಿತು. ಪತ್ರಿಕೆ, ರೇಡಿಯೊಗಳಲ್ಲಿ ಗುಲ್ಲೆದ್ದಿತು. ಎಲ್ಲವನ್ನೂ ಪರಿಶೀಲಿಸಿದ ಸಮಿತಿ ಒಪ್ಪಿಗೆ ಕೊಟ್ಟ ಮೇಲೆ, ಏಪ್ರಿಲ್ 26ರಂದು ವರ್ಜೀನಿಯಾದ ಮೆಕ್ಲೀನ್ ಎಂಬಲ್ಲಿನ ಶಾಲೆಯಲ್ಲಿ ಮೊದಲ ಚುಚ್ಚುಮದ್ದನ್ನು ಹಾಕಲಾಯಿತು.

ಸುಮಾರು 18 ಲಕ್ಷ ಶಾಲಾ ಮಕ್ಕಳು ಭಾಗಿಯಾದ ಪ್ರಯೋಗವದು. ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆಯನ್ನೂ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆಯಂತೆಯೇ ಕಾಣುವ ನಿರಪಾಯ ದ್ರವವನ್ನೂ ನೀಡಲಾಯಿತು. ಯಾರಿಗೆ ಯಾವುದು ಎಂಬುದು ಈ ಎರಡನೆಯ ಪದ್ಧತಿ ಅನುಸರಿಸಿದ ಕಡೆ ಮಗುವಿಗಾಗಲಿ ವೈದ್ಯರಿಗಾಗಲಿ ತಿಳಿದಿರಲಿಲ್ಲ. ಉಳಿದ ಮಕ್ಕಳಿಗೆ ಏನನ್ನೂ ಚುಚ್ಚದೆ ಕೇವಲ ಗಮನಿಸಲಾಯಿತು. ಮೌಲ್ಯಮಾಪನದ ಹೊಣೆ ಪ್ರತಿಷ್ಠಾನದ ಕೈಯಲ್ಲಿರಲಿಲ್ಲ. ಅದನ್ನು ಮಿಶಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್ ಅವರಿಗೆ ವಹಿಸಲಾಗಿತ್ತು. ಹಣ ಕೊಟ್ಟವರೇ ಫಲಿತಾಂಶ ಹೇಳಬಾರದು ಎಂಬ ಈ ಎಚ್ಚರ 1935ರಲ್ಲಿ ಇರಲಿಲ್ಲ.

ಸಂಭ್ರಮದ ಬೆನ್ನಿಗೆ ಸೂತಕ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಫಲಿತಾಂಶ ಬರುವ ಮುನ್ನವೇ ಓಕಾನರ್ 90 ಲಕ್ಷ ಡಾಲರ್ ಮೌಲ್ಯದ ಲಸಿಕೆ ಖರೀದಿಗೆ ಮಾತು ಕೊಟ್ಟಿದ್ದರು. ಅದೃಷ್ಟವಶಾತ್ ಕೂಸು ಹುಟ್ಟಿತು. ರೂಸ್‌ವೆಲ್ಟ್ ತೀರಿಕೊಂಡು ಸರಿಯಾಗಿ ಹತ್ತು ವರ್ಷ ತುಂಬಿದ 1955ರ ಏಪ್ರಿಲ್ 12ರಂದು ಫ್ರಾನ್ಸಿಸ್ ವರದಿ ಓದಿದರು. ಅಂಗಸ್ವಾಧೀನ ತಪ್ಪಿಸುವ ಪೋಲಿಯೊ ವಿರುದ್ಧ ಲಸಿಕೆ ಶೇ 80ರಿಂದ 90ರಷ್ಟು ಪರಿಣಾಮಕಾರಿ ಎಂದು ಸಿದ್ಧವಾಗಿತ್ತು. ಚರ್ಚುಗಳ ಗಂಟೆಗಳು ಮೊಳಗಿದವು. ಅದೇ ದಿನ ಕೆಲವೇ ಗಂಟೆಗಳ ಸಮಾಲೋಚನೆಯ ನಂತರ ಸರ್ಕಾರ ಲಸಿಕೆಗೆ ಪರವಾನಗಿ ನೀಡಿತು.

ಸಂಭ್ರಮ ಎರಡು ವಾರವೂ ಬಾಳಲಿಲ್ಲ. ಕ್ಯಾಲಿಫೋರ್ನಿಯಾದ ಕಟ್ಟರ್ ಕಂಪನಿ ತಯಾರಿಸಿದ ಲಸಿಕೆಯ ಕೆಲವು ತಂಡಗಳಲ್ಲಿ ಜೀವಂತ ವೈರಾಣು ಉಳಿದಿತ್ತು. ಲಸಿಕೆ ಪಡೆದ ಮಕ್ಕಳು ಹಾಗೂ ಅವರ ಸಂಪರ್ಕಕ್ಕೆ ಬಂದವರು ಸೇರಿ ನೂರೈವತ್ತಕ್ಕೂ ಹೆಚ್ಚು ಜನ ಅಂಗವಿಕಲರಾದರು, 10 ಮಂದಿ ಮೃತಪಟ್ಟರು. ಪ್ರಯೋಗದ ಕಾಲದಲ್ಲಿ ಕಡ್ಡಾಯವಾಗಿದ್ದ, ಸತತ ತಂಡಗಳ ಉತ್ತೀರ್ಣತೆಯ ನಿಯಮ ಪರವಾನಗಿಯ ಷರತ್ತುಗಳಲ್ಲಿ ಉಳಿದಿರಲಿಲ್ಲ. ಮೂರು ಕಡೆಯ ಪರೀಕ್ಷೆಯೂ ಸಡಿಲಗೊಂಡಿತ್ತು. ಪ್ರಯೋಗದಲ್ಲಿ ಲಕ್ಷಾಂತರ ಮಕ್ಕಳನ್ನು ಕಾಪಾಡಿದ ಬೇಲಿಯನ್ನು ಗೆಲುವಿನ ಉತ್ಸಾಹದಲ್ಲಿ ತೆಗೆದುಹಾಕಲಾಗಿತ್ತು. ನಿಯಮಗಳನ್ನು ಮತ್ತೆ ಬಿಗಿಗೊಳಿಸಿದ ಮೇಲೆ ಲಸಿಕೆ ಮುಂದುವರಿಯಿತು. 1952ರಲ್ಲಿ 58 ಸಾವಿರದಷ್ಟಿದ್ದ ಪ್ರಕರಣಗಳು 1961ರ ಹೊತ್ತಿಗೆ ಸುಮಾರು 1,300ಕ್ಕೆ ಇಳಿದವು.

ಕೊನೆಯ ವರ್ಷಗಳು

ರಾಕ್‌ಫೆಲರ್ ಆಸ್ಪತ್ರೆಯ ಹೊಣೆಯಿಂದ 1955ರಲ್ಲಿ ಬಿಡುಗಡೆ ಹೊಂದಿದ ರಿವರ್ಸ್ ವಿಶ್ರಾಂತಿ ಬಯಸಲಿಲ್ಲ. 1956ರಲ್ಲಿ ಪ್ರತಿಷ್ಠಾನದ ವೈದ್ಯಕೀಯ ನಿರ್ದೇಶಕರಾದರು. 1958ರಲ್ಲಿ ವೈದ್ಯಕೀಯ ವ್ಯವಹಾರಗಳ ಉಪಾಧ್ಯಕ್ಷ ಪದವಿಗೆ ಏರಿದರು. ಎದುರಾಳಿ ರೋಗವೇ ಸೋತು ಹಿಂದೆ ಸರಿಯುತ್ತಿರುವಾಗ ದತ್ತಿ ಸಂಸ್ಥೆ ಏನು ಮಾಡಬೇಕು ಎಂಬ ಅಪರೂಪದ ಪ್ರಶ್ನೆ ಆಗ ಎದುರಾಗಿತ್ತು. ಮುಚ್ಚಿಬಿಡುವ ಬದಲು ಅದು 1958ರಲ್ಲಿ ತನ್ನ ಹೆಸರನ್ನು ಸಂಕ್ಷೇಪಿಸಿ, ಹುಟ್ಟಿನಿಂದ ಬರುವ ನ್ಯೂನತೆಗಳು ಮತ್ತು ಸಂಧಿವಾತದತ್ತ ತನ್ನ ಸಂಪನ್ಮೂಲಗಳನ್ನು ತಿರುಗಿಸಿತು. ಇತ್ತ ಸೇಬಿನ್ ಅವರ ಹನಿಗಳ ಸಂಶೋಧನೆಗೂ ಪ್ರತಿಷ್ಠಾನದ ನೆರವು ಸಂದಿತ್ತು. ಸಾಕ್ ಲಸಿಕೆಯ ಪರ ನಿಂತ ಸಂಸ್ಥೆ ಅದರ ಪ್ರತಿಸ್ಪರ್ಧಿಯನ್ನೂ ಪೋಷಿಸಿದ್ದು ಸಣ್ಣ ಸಂಗತಿಯಲ್ಲ.

ರಿವರ್ಸ್ ಸೌಮ್ಯ ಸ್ವಭಾವದವರಾಗಿರಲಿಲ್ಲ. ಸಭೆಗಳಲ್ಲಿ ಅವರ ಏರುದನಿ, ಮುಚ್ಚುಮರೆಯಿಲ್ಲದ ಟೀಕೆ ಅನೇಕರನ್ನು ನೋಯಿಸಿದ್ದುಂಟು. ಆದರೆ ಅವರೊಡನೆ ಜಗಳವಾಡಿದವರೂ ಅವರ ಪ್ರಾಮಾಣಿಕತೆಯನ್ನು ಶಂಕಿಸಲಿಲ್ಲ. 1958ರ ಜನವರಿಯಲ್ಲಿ ರೂಸ್‌ವೆಲ್ಟ್ ಚಿಕಿತ್ಸೆ ಪಡೆಯುತ್ತಿದ್ದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಪೋಲಿಯೊ ಹೋರಾಟಗಾರರ 17 ಕಂಚಿನ ಮುಖಶಿಲ್ಪಗಳನ್ನು ಅನಾವರಣಗೊಳಿಸಿದಾಗ ಅವುಗಳಲ್ಲಿ ರಿವರ್ಸ್ ಅವರದೂ ಒಂದಾಗಿತ್ತು. ಇತಿಹಾಸಕಾರ ಸಾಲ್ ಬೆನಿಸನ್ ಅವರೊಡನೆ ದೀರ್ಘಕಾಲ ನಡೆಸಿದ ಮಾತುಕತೆಗಳಲ್ಲಿ ಅವರು ತಮ್ಮ ಬದುಕನ್ನು ಬಿಚ್ಚಿಟ್ಟರು. ಅದು ಗ್ರಂಥರೂಪದಲ್ಲಿ ಹೊರಬಂದದ್ದು 1967ರಲ್ಲಿ. ಅಷ್ಟು ಹೊತ್ತಿಗೆ ಅವರು ಇರಲಿಲ್ಲ. ಇಪ್ಪತ್ತರ ಹರೆಯದಲ್ಲೇ ಸಾವಿನ ಗಡುವು ಪಡೆದಿದ್ದ ರಿವರ್ಸ್ 1962ರ ಮೇ 12ರಂದು, 73ನೆಯ ವಯಸ್ಸಿನಲ್ಲಿ ನಿಧನರಾದರು.

ಭಾರತದಲ್ಲಿ ಸಹಜ ಪೋಲಿಯೊದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ನಮ್ಮ ಪ್ರದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ರಿವರ್ಸ್ ಅವರ ಕಾಲದಲ್ಲಿ ಕೋತಿಗಳ ಪ್ರಾಣ ತೆತ್ತು ಗುರುತಿಸಿದ ಮೂರು ಬಗೆಗಳಲ್ಲಿ ಎರಡನೆಯದು ಜಗತ್ತಿನಿಂದ ಅಳಿದಿದೆ ಎಂದು 2015ರಲ್ಲಿ, ಮೂರನೆಯದು ಅಳಿದಿದೆ ಎಂದು 2019ರಲ್ಲಿ ಸಾರಲಾಯಿತು. 2015ರ ಕೊನೆಯಲ್ಲಿ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ, ಹನಿಗಳ ಜೊತೆಗೆ, ಸತ್ತ ವೈರಾಣುವಿನ ಚುಚ್ಚುಮದ್ದೂ ಸೇರ್ಪಡೆಯಾಯಿತು. 1953ರಲ್ಲಿ ತಜ್ಞರನ್ನು ಎರಡು ಬಣಗಳಾಗಿ ಒಡೆದ ಎರಡು ಲಸಿಕೆಗಳು ಹೀಗೆ ಆರು ದಶಕಗಳ ನಂತರ ನಮ್ಮ ಮಕ್ಕಳ ಲಸಿಕೆ ಕಾರ್ಡಿನಲ್ಲಿ ಒಂದೇ ಕಡೆ ಸೇರಿದವು. ಎರಡನ್ನೂ ಒಂದೇ ಸಂಸ್ಥೆಯ ತಕ್ಕಡಿಯಲ್ಲಿ ತೂಗಿದ ರಿವರ್ಸ್ ಅವರಿಗೆ ಇದಕ್ಕಿಂತ ಬೇರೆ ಸ್ಮಾರಕ ಬೇಕಿಲ್ಲ.